ಐಸಿಎಂಆರ್‌ನ ತರಬೇತಿ, ಸಂಪನ್ಮೂಲ ಮತ್ತು ನೆರವು: ಪದೇ ಪದೇ ಕೇಳುವ ಪ್ರಶ್ನೆಗಳು

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಹೆಸರು. ಆದರೆ ಈ ಸಂಸ್ಥೆ ವಿದ್ಯಾರ್ಥಿಗಳಿಗೆ, ವೈದ್ಯರಿಗೆ, ಸಂಶೋಧಕರಿಗೆ ಒದಗಿಸುವ ತರಬೇತಿ ಮತ್ತು ನೆರವಿನ ವಿಷಯ ನಮ್ಮ ಜಿಲ್ಲಾ ಕೇಂದ್ರಗಳ ಕಾಲೇಜುಗಳಿಗೆ ಇನ್ನೂ ಸರಿಯಾಗಿ ತಲುಪಿಲ್ಲ. ವೈದ್ಯಕೀಯ ವಿದ್ಯಾರ್ಥಿಗಳು, ತಾಲ್ಲೂಕು ಆಸ್ಪತ್ರೆಯ ವೈದ್ಯರು, ಜೀವವಿಜ್ಞಾನದ ಸ್ನಾತಕೋತ್ತರ ಪದವೀಧರರು ಮತ್ತು ಅಧ್ಯಯನವೊಂದಕ್ಕೆ ಸೇರುವಂತೆ ಕೇಳಲ್ಪಟ್ಟ ರೋಗಿಗಳ ಮನೆಯವರು ಸಾಮಾನ್ಯವಾಗಿ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಲಾಗಿದೆ. ಅರ್ಜಿಯ ಕೊನೆಯ ದಿನಾಂಕ ಮತ್ತು ಅರ್ಹತೆಯ ನಿಯಮಗಳು ವರ್ಷದಿಂದ ವರ್ಷಕ್ಕೆ ಬದಲಾಗುವುದರಿಂದ ಆಯಾ ಸಾಲಿನ ಅಧಿಕೃತ ಪ್ರಕಟಣೆಯನ್ನೇ ಅಂತಿಮವೆಂದು ಭಾವಿಸಬೇಕು.

ಐಸಿಎಂಆರ್ ಯಾರ ಅಧೀನದಲ್ಲಿದೆ? ಅದರ ಕೆಲಸವೇನು?

1911ರಲ್ಲಿ ಇಂಡಿಯನ್ ರಿಸರ್ಚ್ ಫಂಡ್ ಅಸೋಸಿಯೇಷನ್ ಎಂಬ ಹೆಸರಿನಲ್ಲಿ ಆರಂಭವಾದ ಈ ಸಂಸ್ಥೆಗೆ ಈಗಿನ ಹೆಸರು ಬಂದದ್ದು 1949ರಲ್ಲಿ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದಲ್ಲಿ 2007ರಲ್ಲಿ ರಚನೆಯಾದ ಆರೋಗ್ಯ ಸಂಶೋಧನಾ ಇಲಾಖೆಯ ಅಡಿಯಲ್ಲಿ ಅದು ಕೆಲಸ ಮಾಡುತ್ತದೆ. ಪರಿಷತ್ತಿನ ಮಹಾನಿರ್ದೇಶಕರೇ ಆ ಇಲಾಖೆಯ ಕಾರ್ಯದರ್ಶಿಯೂ ಆಗಿರುತ್ತಾರೆ. ಈ ಸಣ್ಣ ವಿವರ ತಿಳಿದಿದ್ದರೆ ಒಂದು ಪ್ರಯೋಜನವಿದೆ: ಕೆಲವು ಯೋಜನೆಗಳು ಪರಿಷತ್ತಿನ ಹೆಸರಿನಲ್ಲಿಯೂ ಕೆಲವು ಇಲಾಖೆಯ ಹೆಸರಿನಲ್ಲಿಯೂ ಪ್ರಕಟವಾಗುತ್ತವೆ, ಆದ್ದರಿಂದ ಎರಡೂ ಕಡೆ ಹುಡುಕಬೇಕು.

ತನ್ನದೇ ಸಂಸ್ಥೆಗಳಲ್ಲಿ ಸಂಶೋಧನೆ ನಡೆಸುವುದು, ಹೊರಗಿನ ಕಾಲೇಜು ಮತ್ತು ಆಸ್ಪತ್ರೆಗಳ ಸಂಶೋಧನೆಗೆ ಹಣ ಕೊಡುವುದು, ಸಂಶೋಧಕರನ್ನು ತರಬೇತುಗೊಳಿಸುವುದು ಮತ್ತು ಸಂಶೋಧನೆಯ ನೈತಿಕತೆಗೆ ಮಾರ್ಗಸೂಚಿ ರೂಪಿಸುವುದು ಅದರ ಮುಖ್ಯ ಕೆಲಸಗಳು. ಔಷಧಗಳಿಗೆ ಮಾರಾಟದ ಅನುಮತಿ ಕೊಡುವುದು ಅದರ ಕೆಲಸವಲ್ಲ. ಅದು ಭಾರತದ ಔಷಧ ಮಹಾನಿಯಂತ್ರಕರಿಗೆ ಸೇರಿದ್ದು.

ಕರ್ನಾಟಕದಲ್ಲಿ ಅದರ ಸಂಸ್ಥೆಗಳು ಎಲ್ಲಿವೆ?

ಬೆಳಗಾವಿಯಲ್ಲಿ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯಿದೆ. 2006ರಲ್ಲಿ ಪ್ರಾದೇಶಿಕ ವೈದ್ಯಕೀಯ ಸಂಶೋಧನಾ ಕೇಂದ್ರವಾಗಿ ಆರಂಭವಾದ ಇದು ಪಶ್ಚಿಮಘಟ್ಟದ ಔಷಧೀಯ ಸಸ್ಯಗಳ ಅಧ್ಯಯನವನ್ನು ಮುಖ್ಯವಾಗಿ ಕೈಗೊಂಡಿದೆ. ಬೆಂಗಳೂರಿನ ಹೊರವಲಯದಲ್ಲಿ, ದೇವನಹಳ್ಳಿ ಕಡೆಯ ಕನ್ನಮಂಗಲದ ಬಳಿ, ರಾಷ್ಟ್ರೀಯ ರೋಗ ಮಾಹಿತಿ ಮತ್ತು ಸಂಶೋಧನಾ ಕೇಂದ್ರವಿದ್ದು, ದೇಶದ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮ ಅಲ್ಲಿಂದಲೇ ನಡೆಯುತ್ತದೆ. ಆ ಕಾರ್ಯಕ್ರಮ 1981ರ ಡಿಸೆಂಬರ್‌ನಲ್ಲಿ ಆರಂಭವಾದಾಗ ಜನಸಂಖ್ಯೆ ಆಧಾರಿತ ನೋಂದಣಿಗೆ ಆಯ್ಕೆಯಾದ ಮೊದಲ ಮೂರು ನಗರಗಳಲ್ಲಿ ಮುಂಬೈ ಮತ್ತು ಚೆನ್ನೈ ಜೊತೆಗೆ ಬೆಂಗಳೂರೂ ಇತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಒಂದು ಘಟಕವೂ ಬೆಂಗಳೂರಿನಲ್ಲಿದೆ.

ನಿಮ್ಹಾನ್ಸ್, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ, ಕಿದ್ವಾಯಿ ಸಂಸ್ಥೆ ಇವುಗಳನ್ನೂ ಐಸಿಎಂಆರ್‌ನವೆಂದು ಹಲವರು ತಿಳಿದಿದ್ದಾರೆ. ಇವು ಐಸಿಎಂಆರ್ ಜೊತೆ ಯೋಜನೆಗಳಲ್ಲಿ ಸಹಕರಿಸುತ್ತವೆ, ಆದರೆ ಅದರ ಸಂಸ್ಥೆಗಳಲ್ಲ. ಅವುಗಳ ಪ್ರವೇಶ ಮತ್ತು ನೇಮಕಾತಿಯ ನಿಯಮಗಳು ಬೇರೆ.

ನಮ್ಮ ರಾಜ್ಯಕ್ಕೂ ಈ ಪರಂಪರೆಗೂ ಇರುವ ನಂಟು ಕಟ್ಟಡಗಳಿಗಿಂತ ಹಳೆಯದು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿ, ಸುತ್ತಲಿನ ಹಳ್ಳಿಗಳ ಜನರೂ ಜ್ವರಕ್ಕೆ ತುತ್ತಾದಾಗ, ಪುಣೆಯಲ್ಲಿ 1952ರಲ್ಲಿ ಸ್ಥಾಪನೆಯಾಗಿದ್ದ ಅಂದಿನ ವೈರಾಣು ಸಂಶೋಧನಾ ಕೇಂದ್ರದ, ಅಂದರೆ ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆಯ, ವಿಜ್ಞಾನಿಗಳು ಬಂದು, ಉಣ್ಣೆಗಳಿಂದ ಹರಡುವ ಹೊಸ ವೈರಾಣುವನ್ನು ಗುರುತಿಸಿದರು. ಮಂಗನ ಕಾಯಿಲೆ ಎಂದು ನಾವು ಕರೆಯುವ ಆ ರೋಗವನ್ನು ಜಗತ್ತಿನ ವೈದ್ಯಗ್ರಂಥಗಳು ಇಂದಿಗೂ ಕ್ಯಾಸನೂರಿನ ಹೆಸರಿನಿಂದಲೇ ಗುರುತಿಸುತ್ತವೆ. ಮಲೆನಾಡಿನ ಮೂಲೆಯೊಂದರ ಜನರ ಕಷ್ಟ ವಿಜ್ಞಾನದ ಪ್ರಶ್ನೆಯಾದದ್ದು ಹೀಗೆ, ಮತ್ತು ತರಬೇತಿಗೆ ಅರ್ಜಿ ಹಾಕುವ ವಿದ್ಯಾರ್ಥಿಗಳು ತಮ್ಮ ಊರಿನ ಪ್ರಶ್ನೆಯನ್ನೇ ಹಿಡಿದು ಬರಲಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವೂ ಇದೇ.

ನಾನು ಎಂಬಿಬಿಎಸ್ ಓದುತ್ತಿದ್ದೇನೆ. ಈಗಲೇ ಸಂಶೋಧನೆ ಮಾಡಲು ಅವಕಾಶವಿದೆಯೇ?

ಇದೆ. ಅಲ್ಪಾವಧಿ ವಿದ್ಯಾರ್ಥಿ ಸಂಶೋಧನಾ ಯೋಜನೆಯನ್ನು ಐಸಿಎಂಆರ್ 1979ರಿಂದ ನಡೆಸುತ್ತಿದೆ. ಎಸ್‌ಟಿಎಸ್ ಎಂದೇ ಅದು ಕಾಲೇಜುಗಳಲ್ಲಿ ಪರಿಚಿತ. ವೈದ್ಯಕೀಯ ಮತ್ತು ದಂತವೈದ್ಯಕೀಯ ಪದವಿ ವಿದ್ಯಾರ್ಥಿಗಳು ತಮ್ಮ ಕಾಲೇಜಿನ ಅಧ್ಯಾಪಕರೊಬ್ಬರ ಮಾರ್ಗದರ್ಶನದಲ್ಲಿ ಎರಡು ತಿಂಗಳಲ್ಲಿ ಮುಗಿಯುವ ಅಧ್ಯಯನವನ್ನು ಯೋಜಿಸಿ, ಪ್ರಸ್ತಾವವನ್ನು ಆನ್‌ಲೈನ್‌ನಲ್ಲಿ ಸಲ್ಲಿಸಬೇಕು. ಪ್ರಸ್ತಾವ ಆಯ್ಕೆಯಾದ ಮೇಲೆ ಅಧ್ಯಯನ ಮುಗಿಸಿ ವರದಿ ಸಲ್ಲಿಸಿದರೆ, ಆ ವರದಿಯ ಮೌಲ್ಯಮಾಪನ ನಡೆದು, ಅದು ಒಪ್ಪಿಗೆಯಾದ ಬಳಿಕವಷ್ಟೇ ಪ್ರಮಾಣಪತ್ರ ಮತ್ತು ಶಿಷ್ಯವೇತನ ದೊರೆಯುತ್ತವೆ. ಪ್ರಸ್ತಾವ ಆಯ್ಕೆಯಾದ ಸಂತೋಷದಲ್ಲಿ ವರದಿಯನ್ನು ಕೊನೆಯ ವಾರಕ್ಕೆ ಬಿಟ್ಟವರು ಎರಡನ್ನೂ ಕಳೆದುಕೊಳ್ಳುತ್ತಾರೆ.

ವಿಷಯದ ಆಯ್ಕೆಯಲ್ಲಿಯೇ ಹೆಚ್ಚಿನವರು ಎಡವುತ್ತಾರೆ. "ಕರ್ನಾಟಕದಲ್ಲಿ ಮಧುಮೇಹದ ಪ್ರಮಾಣ" ಎಂಬುದು ಎರಡು ತಿಂಗಳ ಕೆಲಸವಲ್ಲ, ಒಬ್ಬರ ಕೆಲಸವೂ ಅಲ್ಲ. ಅದರ ಬದಲು "ಒಂದು ತಾಲ್ಲೂಕಿನ ಆಶಾ ಕಾರ್ಯಕರ್ತೆಯರಿಗೆ ಹಾವು ಕಡಿತದ ಪ್ರಥಮ ಚಿಕಿತ್ಸೆಯ ಬಗ್ಗೆ ಇರುವ ತಿಳಿವಳಿಕೆ" ಎಂಬ ಪ್ರಶ್ನೆಯನ್ನು ಎತ್ತಿಕೊಂಡರೆ, ಯಾರನ್ನು ಕೇಳಬೇಕು, ಏನು ಕೇಳಬೇಕು, ಉತ್ತರವನ್ನು ಹೇಗೆ ಅಳೆಯಬೇಕು ಎಂಬುದೆಲ್ಲ ತಾನಾಗಿ ಸ್ಪಷ್ಟವಾಗುತ್ತದೆ. ಹಿಂದಿನ ಬ್ಯಾಚಿನವರ ಪ್ರಸ್ತಾವವನ್ನು ಊರಿನ ಹೆಸರು ಬದಲಿಸಿ ಕಳಿಸುವ ಅಭ್ಯಾಸವನ್ನು ದಯವಿಟ್ಟು ಬಿಡಬೇಕು. ವಿದ್ಯಾರ್ಥಿ ದೆಸೆಯಲ್ಲಿ ಪ್ರಾಮಾಣಿಕವಾಗಿ ಮಾಡಿದ ಒಂದು ಸಣ್ಣ ಅಧ್ಯಯನ ಮುಂದಿನ ಮೂವತ್ತು ವರ್ಷದ ವೈದ್ಯವೃತ್ತಿಯಲ್ಲಿ ಪುರಾವೆಯನ್ನು ಓದುವ ಕಣ್ಣನ್ನು ಕೊಡುತ್ತದೆ.

ಪಿಜಿ ವಿದ್ಯಾರ್ಥಿಗಳಿಗೆ ಕಡ್ಡಾಯವಾದ ಬಿಸಿಬಿಆರ್ ಕೋರ್ಸ್ ಯಾವುದು?

ಬೇಸಿಕ್ ಕೋರ್ಸ್ ಇನ್ ಬಯೋಮೆಡಿಕಲ್ ರಿಸರ್ಚ್ ಎಂಬ ಈ ಆನ್‌ಲೈನ್ ಕೋರ್ಸನ್ನು ಐಸಿಎಂಆರ್‌ನ ಚೆನ್ನೈನಲ್ಲಿರುವ ರಾಷ್ಟ್ರೀಯ ಸಾಂಕ್ರಾಮಿಕರೋಗಶಾಸ್ತ್ರ ಸಂಸ್ಥೆ ನಡೆಸುತ್ತದೆ. ವೈದ್ಯಕೀಯ ಕಾಲೇಜುಗಳ ಸ್ನಾತಕೋತ್ತರ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು ಸಂಶೋಧನಾ ವಿಧಾನದ ಕೋರ್ಸ್ ಮುಗಿಸಬೇಕೆಂಬ ರಾಷ್ಟ್ರೀಯ ವೈದ್ಯಕೀಯ ಆಯೋಗದ ನಿಯಮದಿಂದಾಗಿ ಅದು ಕಡ್ಡಾಯವಾಗಿದೆ. ಸಂಶೋಧನಾ ಪ್ರಶ್ನೆಯನ್ನು ರೂಪಿಸುವುದು, ಅಧ್ಯಯನದ ವಿನ್ಯಾಸ, ಸಂಖ್ಯಾಶಾಸ್ತ್ರದ ಮೂಲಪಾಠ, ನೈತಿಕತೆ ಮತ್ತು ಪ್ರೊಟೊಕಾಲ್, ಅಂದರೆ ಅಧ್ಯಯನದ ಲಿಖಿತ ಯೋಜನೆ, ಬರೆಯುವುದು ಅದರ ತಿರುಳು.

ಥೀಸಿಸ್ ವಿಷಯ ನಿಗದಿಯಾಗುವ ಮೊದಲೇ ಇದನ್ನು ಮುಗಿಸಿದರೆ ಕೋರ್ಸ್ ಕೆಲಸಕ್ಕೆ ಬರುತ್ತದೆ. ಮಾಹಿತಿ ಸಂಗ್ರಹವೆಲ್ಲ ಮುಗಿದ ಮೇಲೆ ಪ್ರಮಾಣಪತ್ರಕ್ಕೋಸ್ಕರ ಪರೀಕ್ಷೆ ಬರೆದರೆ, ಎಲ್ಲಿ ತಪ್ಪಾಯಿತೆಂಬುದು ತಿಳಿಯುತ್ತದೆಯೇ ಹೊರತು ಅದನ್ನು ಸರಿಪಡಿಸುವ ಕಾಲ ಮೀರಿರುತ್ತದೆ.

ನಾನು ವೈದ್ಯ ಪದವೀಧರನಲ್ಲ, ಜೀವವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡಿದ್ದೇನೆ. ನನಗೇನಿದೆ?

ಐಸಿಎಂಆರ್ ಸಂಸ್ಥೆಗಳಲ್ಲಿ ದುಡಿಯುವವರಲ್ಲಿ ಬಹಳಷ್ಟು ಮಂದಿ ವೈದ್ಯರಲ್ಲ: ಜೀವರಸಾಯನಶಾಸ್ತ್ರ, ಸೂಕ್ಷ್ಮಜೀವಿಶಾಸ್ತ್ರ, ಕೀಟಶಾಸ್ತ್ರ, ಸಂಖ್ಯಾಶಾಸ್ತ್ರ, ಸಮಾಜಶಾಸ್ತ್ರ ಓದಿದವರು. ಕಿರಿಯ ಸಂಶೋಧನಾ ಫೆಲೋಶಿಪ್, ಅಂದರೆ ಜೆಆರ್‌ಎಫ್, ಪಿಎಚ್.ಡಿ.ಯ ಹಾದಿಗೆ ಮೊದಲ ಮೆಟ್ಟಿಲು. 2023ರ ಜನವರಿ 1ರಿಂದ ಜಾರಿಗೆ ಬಂದ ಕೇಂದ್ರ ಸರ್ಕಾರದ ಪರಿಷ್ಕೃತ ದರದಂತೆ ಜೆಆರ್‌ಎಫ್‌ಗೆ ತಿಂಗಳಿಗೆ 37,000 ರೂಪಾಯಿ, ಹಿರಿಯ ಫೆಲೋಶಿಪ್‌ಗೆ 42,000 ರೂಪಾಯಿ ಸಿಗುತ್ತದೆ; ಮನೆ ಬಾಡಿಗೆ ಭತ್ಯೆ ಇದಕ್ಕೆ ಹೊರತಾದದ್ದು.

ಇದಲ್ಲದೆ ಪ್ರತಿ ಸಂಸ್ಥೆಯೂ ಯೋಜನೆಗಳಿಗೆ ಬೇಕಾದ ಸಿಬ್ಬಂದಿಯನ್ನು ಗುತ್ತಿಗೆಯ ಮೇಲೆ ತೆಗೆದುಕೊಳ್ಳುತ್ತದೆ. ಇದು ಕಾಯಂ ಹುದ್ದೆಯಲ್ಲ, ಯೋಜನೆ ಮುಗಿದಾಗ ಕೆಲಸವೂ ಮುಗಿಯುತ್ತದೆ. ಆದರೂ ಕ್ಷೇತ್ರಕಾರ್ಯವನ್ನೂ ಪ್ರಯೋಗಾಲಯದ ಶಿಸ್ತನ್ನೂ ಕಲಿಯಲು ಇಂತಹ ಒಂದೆರಡು ವರ್ಷಗಳಷ್ಟು ಒಳ್ಳೆಯ ಪಾಠಶಾಲೆ ಇನ್ನೊಂದಿಲ್ಲ ಎಂಬುದು ನನ್ನ ಅಭಿಪ್ರಾಯ. ನೇಮಕಾತಿ ಕೊಡಿಸುತ್ತೇವೆಂದು ಹಣ ಕೇಳುವವರನ್ನು ನಂಬಬಾರದು. ಅಧಿಕೃತ ಜಾಲತಾಣದಲ್ಲಿ ಕಾಣದ ಪ್ರಕಟಣೆ ಪ್ರಕಟಣೆಯೇ ಅಲ್ಲ.

ಜನಾರೋಗ್ಯ ಅಥವಾ ಪೌಷ್ಟಿಕತೆಯಲ್ಲಿ ದೀರ್ಘ ತರಬೇತಿ ಬೇಕಾದರೆ?

ಚೆನ್ನೈನ ಅದೇ ಸಂಸ್ಥೆಯಲ್ಲಿ ಸಾಂಕ್ರಾಮಿಕರೋಗಶಾಸ್ತ್ರ ಮತ್ತು ಆರೋಗ್ಯ ವ್ಯವಸ್ಥೆಯ ಕುರಿತ ಎಂಪಿಎಚ್, ಅಂದರೆ ಜನಾರೋಗ್ಯದ ಸ್ನಾತಕೋತ್ತರ, ಪದವಿಯಿದೆ. 2001ರಲ್ಲಿ ಆರಂಭವಾದ ಕ್ಷೇತ್ರ ತರಬೇತಿಯಿಂದ ಬೆಳೆದು ಬಂದ ಇದರ ವಿಶೇಷವೆಂದರೆ ಕಲಿಕೆಯ ಬಹುಭಾಗ ತರಗತಿಯ ಹೊರಗೆ, ರೋಗ ಹರಡಿರುವ ಸ್ಥಳದಲ್ಲಿ ನಡೆಯುತ್ತದೆ. ತಾಲ್ಲೂಕು ಆರೋಗ್ಯಾಧಿಕಾರಿ ಆಗಬಯಸುವ ಸರ್ಕಾರಿ ವೈದ್ಯರಿಗೆ ಇದು ಹೇಳಿ ಮಾಡಿಸಿದಂತಿದೆ. ಪೌಷ್ಟಿಕತೆಗೆ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ಅನ್ವಯಿಕ ಪೌಷ್ಟಿಕತೆಯ ಎಂ.ಎಸ್ಸಿ. ಇದೆ. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ವಿಚಾರಣೆಗೆಂದು ಹುಟ್ಟಿದ ಪುಟ್ಟ ಪ್ರಯೋಗಾಲಯ 1958ರಲ್ಲಿ ಹೈದರಾಬಾದಿಗೆ ಸ್ಥಳಾಂತರಗೊಂಡು ಈ ಸಂಸ್ಥೆಯಾಯಿತು.

ಕೂತಲ್ಲೇ ಬಳಸಬಹುದಾದ ಉಚಿತ ಸಂಪನ್ಮೂಲಗಳು ಯಾವುವು?

1913ರಿಂದ ಪ್ರಕಟವಾಗುತ್ತಿರುವ ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್ ಪತ್ರಿಕೆಯ ಲೇಖನಗಳನ್ನು ಹಣ ಕೊಡದೆ ಓದಬಹುದು. ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಭಾರತೀಯ ಆಹಾರ ಸಂಯೋಜನಾ ಕೋಷ್ಟಕದಲ್ಲಿ 528 ಆಹಾರಗಳ ಪೋಷಕಾಂಶಗಳ ವಿವರವಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 364 ಮಿಲಿಗ್ರಾಂ ಕ್ಯಾಲ್ಸಿಯಂ ಇದೆಯೆಂಬ ಲೆಕ್ಕ ಅದರಲ್ಲೇ ಸಿಗುತ್ತದೆ. ಆಹಾರದ ಬಗ್ಗೆ ಕನ್ನಡದಲ್ಲಿ ಬರೆಯುವವರೆಲ್ಲ ವಾಟ್ಸ್ಆ್ಯಪ್ ಸಂದೇಶಗಳ ಬದಲು ಈ ಕೋಷ್ಟಕವನ್ನು ನೋಡಿದರೆ ಎಷ್ಟೋ ತಪ್ಪು ಮಾಹಿತಿ ಅಲ್ಲಿಗೇ ನಿಲ್ಲುತ್ತದೆ.

ಆಸ್ಪತ್ರೆಗಳಲ್ಲಿ ದುಡಿಯುವವರಿಗೆ ಹೆಚ್ಚು ಉಪಯುಕ್ತವಾದವು ಇನ್ನೆರಡು. ಸಾಮಾನ್ಯ ಕಾಯಿಲೆಗಳಿಗೆ ಯಾವ ಹಂತದಲ್ಲಿ ಏನು ಮಾಡಬೇಕು, ಯಾವಾಗ ಮೇಲಿನ ಆಸ್ಪತ್ರೆಗೆ ಕಳುಹಿಸಬೇಕು ಎಂಬುದನ್ನು ತೋರಿಸುವ ಪ್ರಮಾಣಿತ ಚಿಕಿತ್ಸಾ ನಕ್ಷೆಗಳನ್ನು ಗೋಡೆಗೆ ಅಂಟಿಸಬಹುದಾದಷ್ಟು ಸರಳವಾಗಿ 2019ರಿಂದ ಹೊರತರಲಾಗುತ್ತಿದೆ. ಪ್ರತಿಜೀವಕಗಳಿಗೆ ಬಗ್ಗದ ಸೂಕ್ಷ್ಮಜೀವಿಗಳ ಕಣ್ಗಾವಲು ಜಾಲದ ವಾರ್ಷಿಕ ವರದಿಗಳು, ಯಾವ ಔಷಧ ಯಾವ ಸೂಕ್ಷ್ಮಜೀವಿಯ ಮೇಲೆ ಎಷ್ಟರಮಟ್ಟಿಗೆ ಕೆಲಸ ಮಾಡುತ್ತಿದೆ ಎಂಬುದನ್ನು ಅಂಕಿಅಂಶಗಳ ಸಮೇತ ಹೇಳುತ್ತವೆ.

ಮಾದರಿ ಗಾತ್ರ, ಅಂದರೆ ಅಧ್ಯಯನಕ್ಕೆ ಎಷ್ಟು ಜನ ಬೇಕೆಂಬುದನ್ನು, ಲೆಕ್ಕ ಹಾಕಲು ಯಾರನ್ನು ಕೇಳಬೇಕು? ಎಲ್ಲರೂ 384 ಎಂದು ಬರೆಯುತ್ತಾರಲ್ಲ?

ಮೊದಲು ನಿಮ್ಮ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಸಂಖ್ಯಾಶಾಸ್ತ್ರಜ್ಞರನ್ನು ಕೇಳಿ. ಕೆಲವು ಸರ್ಕಾರಿ ವೈದ್ಯಕೀಯ ಕಾಲೇಜುಗಳಲ್ಲಿ ಆರೋಗ್ಯ ಸಂಶೋಧನಾ ಇಲಾಖೆಯ ನೆರವಿನ ಬಹುಶಿಸ್ತೀಯ ಸಂಶೋಧನಾ ಘಟಕಗಳಿವೆ; ಅಲ್ಲಿಯೂ ಸಲಹೆ ಸಿಗುತ್ತದೆ.

384ರ ವಿಚಾರ ಸ್ವಲ್ಪ ವಿವರಿಸಬೇಕು. ಒಂದು ಸಮಸ್ಯೆ ನೂರಕ್ಕೆ ಐವತ್ತು ಜನರಲ್ಲಿ ಇರಬಹುದೆಂದು ಊಹಿಸಿ, ಶೇ 95ರ ವಿಶ್ವಾಸಮಟ್ಟದಲ್ಲಿ ಶೇ 5ರ ಅಂತರದೊಳಗೆ ಅದನ್ನು ಅಂದಾಜು ಮಾಡಬೇಕೆಂದರೆ ಬರುವ ಸಂಖ್ಯೆ 384.16, ಅಂದರೆ 385 ಜನ. ಅದೇ ಸಮಸ್ಯೆ ನೂರಕ್ಕೆ ಇಪ್ಪತ್ತು ಜನರಲ್ಲಿ ಇರುತ್ತದೆಂದು ಹಿಂದಿನ ಅಧ್ಯಯನ ತಿಳಿಸಿದ್ದರೆ 246 ಜನ ಸಾಕು. ಎರಡು ಔಷಧಗಳನ್ನು ಹೋಲಿಸುವ ಅಧ್ಯಯನಕ್ಕಂತೂ ಈ ಸೂತ್ರವೇ ಹೊಂದುವುದಿಲ್ಲ. ಅಗತ್ಯಕ್ಕಿಂತ ಹೆಚ್ಚು ಜನರಿಂದ ರಕ್ತ ತೆಗೆಯುವುದೂ, ಉತ್ತರವೇ ಸಿಗದಷ್ಟು ಕಡಿಮೆ ಜನರಿಂದ ತೆಗೆಯುವುದೂ ಒಂದೇ ರೀತಿಯ ಅನ್ಯಾಯವಾದ್ದರಿಂದ ಇದು ಬರಿಯ ಗಣಿತದ ವಿಚಾರವಲ್ಲ, ನೈತಿಕತೆಯ ವಿಚಾರವೂ ಹೌದು.

ನೈತಿಕ ಸಮಿತಿಯ ಒಪ್ಪಿಗೆ ಎಲ್ಲ ಅಧ್ಯಯನಕ್ಕೂ ಬೇಕೇ? ಇದಕ್ಕೆ ನೆರವು ಎಲ್ಲಿ ಸಿಗುತ್ತದೆ?

ಮನುಷ್ಯರನ್ನು, ಅವರ ರಕ್ತ ಮುಂತಾದ ಮಾದರಿಗಳನ್ನು ಅಥವಾ ಅವರ ದಾಖಲೆಗಳನ್ನು ಒಳಗೊಂಡ ಸಂಶೋಧನೆಯೆಲ್ಲವೂ ನೈತಿಕ ಸಮಿತಿಯ ಮುಂದೆ ಹೋಗಬೇಕು. ಅಪಾಯ ತೀರಾ ಕಡಿಮೆಯಿದ್ದರೆ ಪರಿಶೀಲನೆಯಿಂದ ವಿನಾಯಿತಿಯೋ ತ್ವರಿತ ಪರಿಶೀಲನೆಯೋ ದೊರೆಯಬಹುದು, ಆದರೆ ಅದನ್ನು ತೀರ್ಮಾನಿಸುವುದು ಸಮಿತಿಯೇ ಹೊರತು ಸಂಶೋಧಕರಲ್ಲ. ಐಸಿಎಂಆರ್‌ನ 2017ರ ರಾಷ್ಟ್ರೀಯ ನೈತಿಕ ಮಾರ್ಗಸೂಚಿಯಂತೆ ಸಮಿತಿಯಲ್ಲಿ 7ರಿಂದ 15 ಸದಸ್ಯರಿರಬೇಕು, ಅಧ್ಯಕ್ಷರು ಸಂಸ್ಥೆಯ ಹೊರಗಿನವರಾಗಿರಬೇಕು, ಕಾನೂನು ಬಲ್ಲವರೂ ಜನಸಾಮಾನ್ಯರ ಪ್ರತಿನಿಧಿಯೂ ಇರಬೇಕು. ಪರಿಷತ್ತಿನ ಜೈವಿಕ ನೀತಿ ಘಟಕ ಇರುವುದು ಬೆಂಗಳೂರಿನ ರೋಗ ಮಾಹಿತಿ ಕೇಂದ್ರದಲ್ಲಿ. ಸಮಿತಿಗೆ ಸಲ್ಲಿಸಬೇಕಾದ ಸಾಮಾನ್ಯ ನಮೂನೆಗಳನ್ನು ಅದರ ಜಾಲತಾಣದಿಂದ ಇಳಿಸಿಕೊಳ್ಳಬಹುದು.

ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕೇ?

ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲಿರಬೇಕು ಎಂಬುದು ನಿಯಮ. ಕನ್ನಡ ಲಿಪಿಯಲ್ಲಿದ್ದ ಮಾತ್ರಕ್ಕೆ ನಿಯಮ ಪಾಲನೆಯಾದಂತಲ್ಲ. "ಯಾದೃಚ್ಛಿಕವಾಗಿ ಹಂಚಲಾಗುವುದು" ಎಂದು ಬರೆದರೆ ಕೂಲಿ ಕೆಲಸ ಬಿಟ್ಟು ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತ ತಾಯಿಗೆ ಏನು ಅರ್ಥವಾದೀತು? "ಚೀಟಿ ಎತ್ತಿದ ಹಾಗೆ, ನಿಮಗೆ ಎರಡರಲ್ಲಿ ಯಾವ ಔಷಧ ಬರುತ್ತದೆ ಎಂಬುದನ್ನು ವೈದ್ಯರು ಆರಿಸುವುದಿಲ್ಲ" ಎಂದರೆ ಅರ್ಥವಾಗುತ್ತದೆ. ಪ್ಲಾಸಿಬೊ ಎಂಬಲ್ಲಿ "ನೋಡಲು ಔಷಧದಂತೆಯೇ ಇರುವ, ಆದರೆ ಒಳಗೆ ಔಷಧವಿಲ್ಲದ ಗುಳಿಗೆ" ಎಂದು ಬಿಡಿಸಿ ಬರೆಯಬೇಕು. ಬೀದರಿನಲ್ಲಿ ಆಡುವ ಮಾತು ಮಂಡ್ಯದಲ್ಲಿಲ್ಲ. ತುಳು, ಕೊಂಕಣಿ, ಬ್ಯಾರಿ, ಉರ್ದು, ಲಂಬಾಣಿ ಮನೆಮಾತಿನವರಿಗೆ ಕನ್ನಡವೂ ಎರಡನೆಯ ಭಾಷೆಯೇ. ಆದ್ದರಿಂದ ಪತ್ರವನ್ನು ಅಂತಿಮಗೊಳಿಸುವ ಮೊದಲು ಸಂಶೋಧನೆಗೆ ಸಂಬಂಧಿಸದ ನಾಲ್ಕಾರು ಜನರಿಗೆ ಓದಿಸಿ, ಅವರು ತಮ್ಮ ಮಾತಿನಲ್ಲಿ ಅದನ್ನು ತಿರುಗಿ ಹೇಳಬಲ್ಲರೇ ಎಂದು ನೋಡಬೇಕು. ಓದು ಬಾರದವರಿಗೆ ಪತ್ರವನ್ನು ನಿಷ್ಪಕ್ಷಪಾತಿ ಸಾಕ್ಷಿಯ ಎದುರು ಓದಿ ಹೇಳಿ, ಹೆಬ್ಬೆಟ್ಟಿನ ಗುರುತಿನೊಂದಿಗೆ ಸಾಕ್ಷಿಯ ಸಹಿಯನ್ನೂ ಪಡೆಯಬೇಕು.

ನನ್ನ ಥೀಸಿಸ್‌ಗೂ ಸಿಟಿಆರ್‌ಐ ನೋಂದಣಿ ಬೇಕೇ?

ರೋಗಿಗಳಿಗೆ ಒಂದು ಚಿಕಿತ್ಸೆಯನ್ನು ನಿಗದಿಪಡಿಸಿ ಅದರ ಪರಿಣಾಮವನ್ನು ನೋಡುತ್ತಿದ್ದರೆ ಬೇಕು. ಇಂತಹ ಚಿಕಿತ್ಸಾ ಪ್ರಯೋಗಗಳನ್ನು ಸಾರ್ವಜನಿಕವಾಗಿ ದಾಖಲಿಸುವ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾ 2007ರ ಜುಲೈನಲ್ಲಿ ಆರಂಭವಾಯಿತು; ನೋಂದಣಿಗೆ ಶುಲ್ಕವಿಲ್ಲ. 2018ರ ಏಪ್ರಿಲ್ 1ರಿಂದ, ಮೊದಲ ರೋಗಿಯನ್ನು ಸೇರಿಸಿಕೊಳ್ಳುವ ಮುನ್ನವೇ ಟ್ರಯಲ್ ನೋಂದಣಿಯಾಗಿರಬೇಕು. ನೈತಿಕ ಸಮಿತಿಯ ಪತ್ರ ಕೈಗೆ ಬಂದ ದಿನವೇ ಅರ್ಜಿ ತುಂಬಲು ತೊಡಗಿದರೆ, ಕೇಳುವ ಸ್ಪಷ್ಟೀಕರಣಗಳಿಗೆ ಉತ್ತರಿಸಲು ಸಮಯ ಉಳಿಯುತ್ತದೆ.

ಸಣ್ಣ ಊರಿನ ಆಸ್ಪತ್ರೆಯಿಂದ ಸಂಶೋಧನಾ ಅನುದಾನ ಪಡೆಯಲು ಸಾಧ್ಯವೇ?

ಸಾಧ್ಯ, ಆದರೆ ಒಬ್ಬರೇ ಹೊರಡುವುದು ಕಷ್ಟ. ಅನುದಾನ ವ್ಯಕ್ತಿಗಲ್ಲ, ಸಂಸ್ಥೆಗೆ ಬರುತ್ತದೆ. ಮುಖ್ಯ ಸಂಶೋಧಕರು ಅಲ್ಲಿನ ಕಾಯಂ ಉದ್ಯೋಗಿಯಾಗಿರಬೇಕು, ಲೆಕ್ಕಪತ್ರ ಮತ್ತು ಹಣ ಬಳಕೆಯ ಪ್ರಮಾಣಪತ್ರ ಕಾಲಕಾಲಕ್ಕೆ ಸಲ್ಲಿಕೆಯಾಗಬೇಕು. ಹತ್ತಿರದ ವೈದ್ಯಕೀಯ ಕಾಲೇಜಿನವರನ್ನು ಸಹ ಸಂಶೋಧಕರನ್ನಾಗಿ ಸೇರಿಸಿಕೊಂಡರೆ ಪ್ರಯೋಗಾಲಯವೂ ಸಂಖ್ಯಾಶಾಸ್ತ್ರದ ನೆರವೂ ಸಿಗುತ್ತವೆ, ಅವರಿಗೆ ರೋಗಿಗಳ ಒಡನಾಟವಿರುವ ಕ್ಷೇತ್ರ ಸಿಗುತ್ತದೆ. ವಿದೇಶಿ ಸಂಸ್ಥೆಯ ಸಹಯೋಗವೋ ವಿದೇಶದ ಹಣವೋ ಇದ್ದಲ್ಲಿ ಆರೋಗ್ಯ ಸಚಿವಾಲಯದ ಪರಿಶೀಲನಾ ಸಮಿತಿಯ ಒಪ್ಪಿಗೆಯೂ ಬೇಕು.

ತಿರಸ್ಕೃತ ಪ್ರಸ್ತಾವಗಳಲ್ಲಿ ನಾನು ಕಂಡ ಸಾಮಾನ್ಯ ದೋಷ ಒಂದೇ: ಪೀಠಿಕೆ ಆರು ಪುಟ, ವಿಧಾನ ಅರ್ಧ ಪುಟ. ರೋಗ ಎಷ್ಟು ಭೀಕರವೆಂಬುದು ಪರಿಶೀಲಕರಿಗೆ ಗೊತ್ತೇ ಇರುತ್ತದೆ. ನೀವು ಯಾರನ್ನು, ಎಲ್ಲಿ, ಹೇಗೆ ಅಧ್ಯಯನ ಮಾಡುತ್ತೀರಿ ಎಂಬುದು ಅವರಿಗೆ ಬೇಕು.

ಮದುವೆ, ಮಕ್ಕಳ ಕಾರಣದಿಂದ ಸಂಶೋಧನೆ ಬಿಟ್ಟಿದ್ದೆ. ಮರಳಬಹುದೇ?

ಖಂಡಿತ. ಆರೋಗ್ಯ ಸಂಶೋಧನಾ ಇಲಾಖೆಯ ಮಾನವ ಸಂಪನ್ಮೂಲ ಅಭಿವೃದ್ಧಿ ಯೋಜನೆಯಲ್ಲಿ, ವೃತ್ತಿಯಲ್ಲಿ ಬಿಡುವು ಪಡೆದ ಮಹಿಳಾ ವಿಜ್ಞಾನಿಗಳಿಗೆಂದೇ ಫೆಲೋಶಿಪ್ ಇದೆ. ಬಿಡುವಿನ ವರ್ಷಗಳನ್ನು ಅರ್ಜಿಯಲ್ಲಿ ಮುಚ್ಚಿಡಬೇಕಿಲ್ಲ. ಯೋಜನೆ ಇರುವುದೇ ಬಿಡುವು ಪಡೆದವರಿಗಾಗಿ.

ನಮ್ಮ ಊರಿನಲ್ಲಿ ಗುರುತು ಸಿಗದ ಜ್ವರ ಹರಡಿದೆ. ಮಾದರಿಯನ್ನು ನೇರವಾಗಿ ಪುಣೆಗೆ ಕಳುಹಿಸಬಹುದೇ?

ಬೇಡ. ಮೊದಲು ತಾಲ್ಲೂಕು ಆರೋಗ್ಯಾಧಿಕಾರಿಗೂ ಜಿಲ್ಲಾ ಕಣ್ಗಾವಲು ಘಟಕಕ್ಕೂ ತಿಳಿಸಬೇಕು. ವೈರಾಣು ಸಂಶೋಧನೆ ಮತ್ತು ರೋಗಪತ್ತೆ ಪ್ರಯೋಗಾಲಯಗಳು ಪ್ರಾದೇಶಿಕ, ರಾಜ್ಯ ಮತ್ತು ವೈದ್ಯಕೀಯ ಕಾಲೇಜು ಎಂಬ ಮೂರು ಹಂತಗಳಲ್ಲಿವೆ. ಮಾದರಿ ಹತ್ತಿರದ ಹಂತಕ್ಕೆ ಹೋಗಿ, ಅಲ್ಲಿ ಬಗೆಹರಿಯದಿದ್ದರೆ ಮೇಲಕ್ಕೆ ಸಾಗುತ್ತದೆ. ತಣ್ಣನೆಯ ವ್ಯವಸ್ಥೆಯಿಲ್ಲದೆ, ರೋಗಿಯ ವಿವರವಿಲ್ಲದೆ ಸಾಗಿಸಿದ ಮಾದರಿಯಿಂದ ಯಾವ ಪ್ರಯೋಗಾಲಯವೂ ಉತ್ತರ ಹೊರಡಿಸಲಾರದು.

ಆಸ್ಪತ್ರೆಯಲ್ಲಿ ನನ್ನ ತಂದೆಯವರನ್ನು ಅಧ್ಯಯನಕ್ಕೆ ಸೇರಿಸಿಕೊಳ್ಳುತ್ತೇವೆ ಎನ್ನುತ್ತಿದ್ದಾರೆ. ನಾವು ಏನೇನು ಕೇಳಬೇಕು?

ಇದು ಚಿಕಿತ್ಸೆಯೇ ಅಥವಾ ಸಂಶೋಧನೆಯೇ, ಸೇರದಿದ್ದರೆ ಈಗ ಸಿಗುತ್ತಿರುವ ಚಿಕಿತ್ಸೆಗೆ ಧಕ್ಕೆಯಾಗುತ್ತದೆಯೇ, ಹೆಚ್ಚುವರಿ ರಕ್ತ ಪರೀಕ್ಷೆಗಳೆಷ್ಟು, ಓಡಾಟದ ಖರ್ಚು ಯಾರದು, ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂದು ಸಂಕೋಚವಿಲ್ಲದೆ ಕೇಳಿ. ಸೇರುವುದು ಸ್ವಂತ ಇಚ್ಛೆಗೆ ಬಿಟ್ಟದ್ದು. ಸೇರಿದ ಮೇಲೂ ಕಾರಣ ಕೊಡದೆ ಹೊರಬರಬಹುದು, ಅದರಿಂದ ಮಾಮೂಲಿ ಚಿಕಿತ್ಸೆ ನಿಲ್ಲಕೂಡದು. ಕ್ಲಿನಿಕಲ್ ಟ್ರಯಲ್ ಆಗಿದ್ದರೆ ಅದರ ಸಿಟಿಆರ್‌ಐ ಸಂಖ್ಯೆಯನ್ನು ಕೇಳಿ ಪಡೆದು, ಆ ಜಾಲತಾಣದಲ್ಲಿ ಯಾರು ಬೇಕಾದರೂ ವಿವರಗಳನ್ನು ನೋಡಬಹುದು. 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ವ್ಯಾಪ್ತಿಗೆ ಬರುವ ಟ್ರಯಲ್‌ಗಳಲ್ಲಿ ಭಾಗಿಗೆ ಹಾನಿಯಾದರೆ ಉಚಿತ ಚಿಕಿತ್ಸೆ ಕೊಡಬೇಕು, ಹಾನಿ ಟ್ರಯಲ್‌ನಿಂದಲೇ ಆದದ್ದಾದರೆ ಪರಿಹಾರವನ್ನೂ ಕೊಡಬೇಕು.

ಒಪ್ಪಿಗೆ ಪತ್ರದ ಒಂದು ಪ್ರತಿ ನಿಮಗೆ ಸೇರಬೇಕಾದದ್ದು. ಕೊಡದಿದ್ದರೆ ಕೇಳಿ ಪಡೆಯಿರಿ. ಅದರಲ್ಲಿ ನೈತಿಕ ಸಮಿತಿಯ ಸಂಪರ್ಕದ ವಿವರವಿರುತ್ತದೆ. ಸಂಶೋಧಕರ ಉತ್ತರ ಸಮಾಧಾನ ತರದಿದ್ದಲ್ಲಿ ಆ ಸಮಿತಿಗೆ ನೇರವಾಗಿ, ಕನ್ನಡದಲ್ಲಿಯೇ, ಬರೆಯಿರಿ.